ಬಯಲು ವೇದಿಕೆಯ ಬ್ಯಾಗ್‌ಪೈಪ್ ಸಂಜೆ: ಗ್ಲಾಸ್ಗೋಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಜಿಪಿ, ಅಂದರೆ ಬಡಾವಣೆಯ ವೈದ್ಯರ ಬಳಿ ನೋಂದಣಿ ಹೇಗೆ, ಕೌನ್ಸಿಲ್ ತೆರಿಗೆ ಯಾರು ಕಟ್ಟಬೇಕು, ಸೋನಾ ಮಸೂರಿ ಅಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರಿಸಲು ಈ ಊರಿನಲ್ಲಿ ನಮ್ಮವರು ಬೇಕಾದಷ್ಟು ಜನರಿದ್ದಾರೆ. ಆದರೆ ಮೊದಲ ಬೇಸಿಗೆಯ ಸಂಜೆಗಳನ್ನು ಎಲ್ಲಿ ಕಳೆಯಬೇಕೆಂದು ಯಾರೂ ಹೇಳುವುದಿಲ್ಲವಾದ್ದರಿಂದ, ತೀರ್ಥಹಳ್ಳಿ ಕಡೆಯಿಂದ ಬಂದು ಇಲ್ಲಿ ಹತ್ತೊಂಬತ್ತು ಮಳೆಗಾಲ, ಅಂದರೆ ಹತ್ತೊಂಬತ್ತು ವರ್ಷ, ಕಳೆದಿರುವ ನಾನು ಒಂದು ಸಲಹೆ ಕೊಡುತ್ತೇನೆ: ಬಯಲಿನಲ್ಲಿ ನಡೆಯುವ ಕೆಲ್ಟಿಕ್ ಜಾನಪದ ರಾಕ್ ಕಾನ್ಸರ್ಟ್ ಒಂದಕ್ಕೆ ಟಿಕೆಟ್ ಕೊಳ್ಳಿ. ಗದ್ದೆ ಕೊಯ್ಲಾದ ಮೇಲೆ ಕಂಬಳಿ ಹೊದ್ದು ಬಯಲಾಟ ನೋಡಿದವರಿಗೆ ಇದು ತೀರಾ ಅಪರಿಚಿತವಾದ ಲೋಕವೇನಲ್ಲ.

ಹೆಸರು ಕೇಳಿ ಹಿಂಜರಿಯಬೇಕಾಗಿಲ್ಲ. ಶಿಶುನಾಳ ಷರೀಫರ ತತ್ವಪದವನ್ನು ರಘು ದೀಕ್ಷಿತ್ ಗಿಟಾರು, ಡ್ರಮ್ಸ್‌ಗಳ ಜೊತೆ ಹಾಡಿದ್ದನ್ನು ಕೇಳಿದ್ದೀರಲ್ಲ, ಅದೇ ಬಗೆಯ ಕೆಲಸವನ್ನು ಸ್ಕಾಟ್ಲೆಂಡಿನವರು ಐವತ್ತು ವರ್ಷಗಳಿಂದ ಗೇಲಿಕ್ ಎಂಬ ತಮ್ಮ ಹಳೆಯ ಭಾಷೆಯ ಹಾಡುಗಳಿಗೆ ಮಾಡುತ್ತ ಬಂದಿದ್ದಾರೆ. ಸ್ಕೈ ದ್ವೀಪದಲ್ಲಿ 1973ರಲ್ಲಿ ಹುಟ್ಟಿದ ರನ್‌ರಿಗ್ ಈ ದಾರಿಯ ಹಿರಿಯ ತಂಡವಾಗಿದ್ದು, ಊರಿನ ಜಮೀನನ್ನು ಪಟ್ಟೆ ಪಟ್ಟೆಯಾಗಿ ಹಂಚಿಕೊಂಡು ಉಳುತ್ತಿದ್ದ ಹಳೆಯ ಪದ್ಧತಿಯ ಹೆಸರನ್ನೇ ಅದು ಇಟ್ಟುಕೊಂಡಿತ್ತು. 1995ರಲ್ಲಿ ಅವರ ಗೇಲಿಕ್ ಹಾಡೊಂದು ಬ್ರಿಟನ್ನಿನ ಮೊದಲ ಇಪ್ಪತ್ತು ಹಾಡುಗಳ ಪಟ್ಟಿಯನ್ನು ಸೇರಿತು. ಆ ಭಾಷೆಯ ಹಾಡೊಂದಕ್ಕೆ ಅಂಥ ಸ್ಥಾನ ಸಿಕ್ಕಿದ್ದು ಅದೇ ಮೊದಲು. 2018ರ ಆಗಸ್ಟ್ 17 ಮತ್ತು 18ರಂದು ಸ್ಟರ್ಲಿಂಗ್ ಕೋಟೆಯ ಕೆಳಗಿನ ಉದ್ಯಾನದಲ್ಲಿ ಅವರು ವಿದಾಯ ಹೇಳಿದ ಎರಡು ಸಂಜೆಗಳಲ್ಲಿ ಎರಡನೆಯದಕ್ಕೆ ನಾನು ಹೋಗಿದ್ದೆ. ಪಕ್ಕದಲ್ಲಿದ್ದ ಡೆನ್ಮಾರ್ಕಿನ ದಂಪತಿಗೂ ಗೇಲಿಕ್ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ, ಆದರೂ ಮೂವರೂ ಪಲ್ಲವಿಗಳನ್ನು ಬಾಯಿತುಂಬ ಹಾಡಿದೆವು. 2022ರ ಜನಗಣತಿಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಸ್ವಲ್ಪವಾದರೂ ಬಲ್ಲವರು ಸುಮಾರು 1,30,000 ಜನ ಮಾತ್ರ. ನಮ್ಮ ಕೊಡವ ತಕ್ಕಿನಷ್ಟೇ ಚಿಕ್ಕ ಭಾಷೆಯೊಂದನ್ನು ಅದನ್ನು ಅರಿಯದ ಸಾವಿರಾರು ಜನರು ಪ್ರೀತಿಯಿಂದ ಹಾಡುವುದನ್ನು ಒಮ್ಮೆ ಕೇಳಬೇಕು. ರನ್‌ರಿಗ್ ಈಗಿಲ್ಲವಾದರೂ ಟೈರೀ ದ್ವೀಪದ ಮೂಲದ ಸ್ಕೆರಿವೋರ್ ಮತ್ತು ಸ್ಕಿಪಿನಿಶ್, ಹಾಡೇ ಇಲ್ಲದೆ ವಾದ್ಯಗಳಿಂದಲೇ ಕುಣಿಸುವ ಸ್ಕೈ ದ್ವೀಪದ ಪೀಟ್‌ಬಾಗ್ ಫೇರೀಸ್ ಮುಂತಾದ ತಂಡಗಳ ಹೆಸರು ಕಂಡರೆ ಧೈರ್ಯವಾಗಿ ಟಿಕೆಟ್ ಕೊಳ್ಳಬಹುದು.

ನಮ್ಮ ಕಿವಿಗೆ ಈ ಸಂಗೀತ ಬೇಗ ಒಗ್ಗಲು ಕಾರಣಗಳಿವೆ. ಹೈಲ್ಯಾಂಡ್ ಬ್ಯಾಗ್‌ಪೈಪಿನಲ್ಲಿ ಭುಜದ ಮೇಲೆ ನಿಂತಿರುವ ಮೂರು ಕೊಳವೆಗಳು ಶ್ರುತಿ ಹಿಡಿಯಲೆಂದೇ ಇರುವಂಥವು; ನಾಗಸ್ವರದ ಪಕ್ಕದಲ್ಲಿ ಒತ್ತು ಊದುವವರ ಕೆಲಸವನ್ನು ಇಲ್ಲಿ ಕಂಕುಳಲ್ಲಿರುವ ಚೀಲ ಕುಲುಮೆಯ ತಿದಿಯಂತೆ ಮಾಡುತ್ತದೆ. ರಾಗ ನುಡಿಸುವ ಕೊಳವೆಯಲ್ಲಿರುವುದು ಒಂಬತ್ತೇ ಸ್ವರಗಳು, ಮತ್ತು ಚೀಲದಲ್ಲಿ ಗಾಳಿ ಇರುವ ತನಕ ನಾದ ಎಲ್ಲಿಯೂ ತುಂಡಾಗುವುದಿಲ್ಲ. ಆದ್ದರಿಂದ ಒಂದೇ ಸ್ವರ ಎರಡು ಸಲ ಬರಬೇಕಾದಾಗ, ನಡುವೆ ಕ್ಷಣಮಾತ್ರ ಬೇರೊಂದು ಸ್ವರವನ್ನು ಬೆರಳಿನಿಂದ ಚಿಮ್ಮಿಸಿ ಅವೆರಡನ್ನು ಬಿಡಿಸುತ್ತಾರೆ. ವೇದಿಕೆಯ ಹತ್ತಿರ ಜಾಗ ಸಿಕ್ಕಿದರೆ ವಾದಕರ ಬೆರಳುಗಳನ್ನು ಗಮನಿಸಿ, ಈ ಚಿಮ್ಮುವಿಕೆ ಸ್ಪಷ್ಟವಾಗಿ ಕಾಣುತ್ತದೆ. ಜಿಗ್ ಎಂಬ ಕುಣಿತದ ಗತಿಗೆ ತಿಶ್ರ ನಡೆಯಲ್ಲಿ ತಾಳ ಹಾಕಿದರೆ ಕೂಡುತ್ತದೆ, ರೀಲ್ ಎಂಬುದಕ್ಕೆ ಚತುರಶ್ರ ಸಾಕು. ಐದೇ ಸ್ವರಗಳಲ್ಲಿ ಕಟ್ಟಿದ ಹಾಡುಗಳು ಇಲ್ಲಿ ಎಷ್ಟೋ ಇರುವುದರಿಂದ ಮೋಹನ ರಾಗ ಬಲ್ಲವರು ಎರಡನೆಯ ಸಾಲಿಗೇ ಗುನುಗತೊಡಗುತ್ತಾರೆ. ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುವುದಾದರೆ, ಬೇಸಿಗೆಗೆಂದು ಬಂದಿದ್ದ ನನ್ನ ಅತ್ತೆಯವರು ಪಿಟೀಲಿನ ಒಂದು ಧಾಟಿ ಕೇಳಿದೊಡನೆ "ಇದು ದೀಕ್ಷಿತರದಲ್ಲವೇನಪ್ಪ?" ಎಂದು ನನ್ನ ತೋಳು ಹಿಡಿದರು. ಅವರ ಅನುಮಾನ ಸರಿಯಾಗಿಯೇ ಇತ್ತು. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಕೂಡಿಸಿದ ನೊಟ್ಟುಸ್ವರಗಳಲ್ಲಿ, ಮಕ್ಕಳಿಗೆ ಹೇಳಿಕೊಡುವ "ವಂದೇ ಮೀನಾಕ್ಷಿ" ಐರ್ಲೆಂಡಿನ ಕುಣಿತದ ಧಾಟಿಯದು.

ಇನ್ನೊಂದು ನಂಟು ಸಾಹಿತ್ಯದ್ದು. ಹೆಬ್ರಿಡೀಸ್ ದ್ವೀಪಗಳ ಹೆಂಗಸರು ನೇಯ್ದ ಉಣ್ಣೆ ಬಟ್ಟೆಯನ್ನು ಮೇಜಿನ ಸುತ್ತ ಕುಳಿತು ಕುಟ್ಟಿ ಹದಮಾಡುವಾಗ ಒಬ್ಬಳು ಸಾಲು ಎತ್ತಿ ಉಳಿದವರು ಪಲ್ಲವಿ ಹೇಳುತ್ತಿದ್ದ ಹಾಡುಗಳಿವೆ. ನಮ್ಮ ಬೀಸುವ ಪದ, ಕುಟ್ಟುವ ಪದಗಳ ಸಹೋದರಿಯರು ಎನ್ನಬಹುದು. ಅಂಥ ನಾನ್ನೂರು ವರ್ಷ ಹಳೆಯ ಹಾಡೊಂದನ್ನು ಕೇಪರ್‌ಕೇಲೀ ತಂಡ 1992ರಲ್ಲಿ ಬ್ರಿಟನ್ನಿನ ಮೊದಲ ನಲವತ್ತರ ಪಟ್ಟಿಗೆ ತಲುಪಿಸಿತು. ವೇದಿಕೆಯಿಂದ ಗಾಯಕಿ ಒಂದು ಸಾಲು ಎತ್ತಿ ಕೈಯನ್ನು ಕಿವಿಗೆ ಹಿಡಿದರೆ ನೀವು ಮಾಡಬೇಕಾದುದೇನೆಂದು ಸೋಬಾನೆ ಕೇಳಿ ಬೆಳೆದವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮೊದಲ ಸಲಕ್ಕೆ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಉದ್ಯಾನದ ಬ್ಯಾಂಡ್‌ಸ್ಟ್ಯಾಂಡ್ ಒಳ್ಳೆಯ ಆಯ್ಕೆ. 1924ರಲ್ಲಿ ಕಟ್ಟಿದ ಈ ವೇದಿಕೆ ಬಹಳ ಕಾಲ ಪಾಳುಬಿದ್ದಿದ್ದು, 2014ರಲ್ಲಿ ದುರಸ್ತಿಯಾಗಿ ಮತ್ತೆ ತೆರೆದಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆಸನಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತಾರೆ. ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಅಲ್ಲಿ ಸಾಲಾಗಿ ಕಾನ್ಸರ್ಟ್‌ಗಳಿರುತ್ತವೆ. ಮಧ್ಯಾಹ್ನವೇ ಹೋದರೆ ಸಮೀಪದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯವನ್ನು ಪುಕ್ಕಟೆಯಾಗಿ ನೋಡಬಹುದು. ಆಗಸ್ಟ್ ಮೊದಲ ವಾರದಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಕಾನ್ಸರ್ಟಿನ ಮುಕ್ಕಾಲು ಪಾಲು ಹಗಲು ಬೆಳಕಿನಲ್ಲೇ ನಡೆಯುವುದು ಹೊಸಬರಿಗೆ ವಿಚಿತ್ರವೆನಿಸುತ್ತದೆ. ಟಿಕೆಟ್‌ನಲ್ಲಿ ಆಸನವೋ ನಿಲ್ಲುವ ಜಾಗವೋ ಎಂಬುದನ್ನೂ, ಮಕ್ಕಳ ವಯಸ್ಸಿನ ನಿಯಮವನ್ನೂ ಹಣ ಕಟ್ಟುವ ಮೊದಲೇ ಓದಿಕೊಳ್ಳಿ.

ಇನ್ನು ಮಳೆಯ ವಿಷಯ. ಇಲ್ಲಿನವರು ಸ್ಮರ್ ಎಂದು ಕರೆಯುವುದು ನಮ್ಮ ಸೋನೆಯ ಹಾಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿ, ಒಂದು ಗಂಟೆಯಲ್ಲಿ ಒಳಬಟ್ಟೆಯ ತನಕ ಇಳಿಯುತ್ತದೆ. ಆಗುಂಬೆಯ ಪಕ್ಕದ ಊರಿನವನೆಂಬ ಹಮ್ಮಿನಿಂದ ನಾನು ಮೊದಲ ವರ್ಷ ಬೇರೊಂದು ಊರಿನ ಬಯಲಿಗೆ ಉದ್ದನೆಯ ಕರಿ ಛತ್ರಿಯೊಂದಿಗೆ ಹೋಗಿದ್ದೆ. ಹಿಂದಿನವರ ನೋಟಕ್ಕೆ ಅಡ್ಡವಾಗುತ್ತದೆ, ಕಣ್ಣಿಗೆ ಚುಚ್ಚುತ್ತದೆ ಎಂಬ ಕಾರಣಕ್ಕೆ ಇಂಥ ಕಡೆಗಳಲ್ಲಿ ಛತ್ರಿ ಬಿಡುವುದಿಲ್ಲವೆಂದು ನನಗೆ ತಿಳಿದಿರಲಿಲ್ಲ. ಗೇಟಿನಲ್ಲಿ ಅದನ್ನು ಬೇಲಿಗೆ ಒರಗಿಸಿಟ್ಟು ಒಳಗೆ ಹೋದೆ, ಹಿಂದಿರುಗುವಾಗ ಛತ್ರಿ ಇರಲಿಲ್ಲ. ಹತ್ತಿಯ ಪ್ಯಾಂಟು ಮೊಣಕಾಲಿಗೆ ಅಂಟಿಕೊಂಡು ಎರಡು ದಿನ ಸೀನಿದ್ದಷ್ಟೇ ಲಾಭ. ಈಗ ನಾನು ಒಯ್ಯುವುದು ತಲೆಯಿಂದ ಮೊಣಕಾಲಿನವರೆಗೆ ಬರುವ ತೆಳು ಪ್ಲಾಸ್ಟಿಕ್ ಪೊಂಚೋ. ಗದ್ದೆ ನೆಡುವಾಗ ನಮ್ಮ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬಿನ ತತ್ವವೇ ಇದರಲ್ಲೂ ಇದೆ, ಎರಡೂ ಕೈ ಖಾಲಿಯಿರುತ್ತವೆ. ಜೀನ್ಸ್ ಬೇಡ, ಅದು ನೀರು ಹೀರಿ ರಾತ್ರಿಯೆಲ್ಲ ಒಣಗುವುದಿಲ್ಲ. ಒಳಗೊಂದು ಉಣ್ಣೆಯ ಅಂಗಿ, ನೀರು ಹೋಗದ ಬೂಟು ಇರಲಿ. ಹುಲ್ಲಿನ ಮೈದಾನವಾದರೆ ಮೊಣಕಾಲೆತ್ತರದ ರಬ್ಬರ್ ಬೂಟು ಇನ್ನೂ ಒಳ್ಳೆಯದು. ಸೀಟು ಒದ್ದೆಯಾಗಿರುತ್ತದೆಂದು ನನ್ನ ಹೆಂಡತಿ ಹಳೆಯ ಪ್ಲಾಸ್ಟಿಕ್ ಚೀಲವೊಂದನ್ನು ಮಡಚಿ ಒಯ್ಯುತ್ತಾಳೆ, ಸಾಲಿನಲ್ಲಿ ಎಲ್ಲರೂ ಅವಳನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ.

ಊಟವನ್ನು ಮನೆಯಲ್ಲೇ ಮುಗಿಸಿ ಹೊರಡುವುದು ಜಾಣತನ, ಏಕೆಂದರೆ ಹೊರಗಿನ ತಿಂಡಿಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಪುಳಿಯೋಗರೆ ಡಬ್ಬಿ ಗೇಟಿನಲ್ಲಿ ಉಳಿದೀತು. ಸಸ್ಯಾಹಾರಿಗಳು ಒಳಗಿನ ಗಾಡಿಯಲ್ಲಿ ಚಿಪ್ಸ್ ಕೊಳ್ಳುವ ಮೊದಲು ಯಾವ ಎಣ್ಣೆಯಲ್ಲಿ ಕರಿದದ್ದೆಂದು ಕೇಳಬೇಕು, ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಇಲ್ಲಿ ಇನ್ನೂ ಇದೆ. ಬಿಯರ್ ಕೊಳ್ಳುವವರು ಇಪ್ಪತ್ತೈದಕ್ಕಿಂತ ಚಿಕ್ಕವರಂತೆ ಕಂಡರೆ ವಯಸ್ಸಿನ ದಾಖಲೆ ಕೇಳುತ್ತಾರೆ. ವೀಸಾ ಈಗ ಇ-ವೀಸಾ ಆಗಿ ಕೈಯಲ್ಲಿ ಕಾರ್ಡು ಇಲ್ಲದಿರುವುದರಿಂದ ಪಾಸ್‌ಪೋರ್ಟ್ ಅಥವಾ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಒಯ್ಯಿರಿ. ಕುಡಿದು ಕಾರು ಓಡಿಸುವವರಿಗೆ ಸ್ಕಾಟ್ಲೆಂಡಿನ ಮಿತಿ 2014ರಿಂದ 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ, ಇಂಗ್ಲೆಂಡಿನಲ್ಲಿ ಅದು 80. ಅಲ್ಲಿನ ಗೆಳೆಯರ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಮಕ್ಕಳಿದ್ದರೆ ಕಿವಿ ಮುಚ್ಚುವ ಗುರಾಣಿ ಕಡ್ಡಾಯವೆಂದೇ ತಿಳಿಯಿರಿ, ದೊಡ್ಡವರೂ ಹತ್ತಿಯ ಬದಲು ಸರಿಯಾದ ಇಯರ್‌ಪ್ಲಗ್ ಹಾಕಿಕೊಳ್ಳಬೇಕು.

ಒಮ್ಮೆ ರುಚಿ ಹತ್ತಿದ ಮೇಲೆ ದೂರದ ಉತ್ಸವಗಳಿಗೂ ಹೋಗಬಹುದು. ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನಲ್ಲಿ ಜುಲೈ ತಿಂಗಳಲ್ಲಿ ನಡೆಯುವ ಹೆಬ್‌ಕೆಲ್ಟ್ 1996ರಲ್ಲಿ ಆರಂಭವಾದದ್ದು; ಅಲ್ಲಿಗೆ ಉಲ್ಲಾಪುಲ್ ಬಂದರಿನಿಂದ ಹಡಗಿನಲ್ಲಿ ಎರಡೂಮುಕ್ಕಾಲು ಗಂಟೆ ಬೇಕು, ಹಡಗಿನ ಜಾಗ ಮತ್ತು ರೂಮು ಎರಡನ್ನೂ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ಉತ್ತರಕ್ಕೆ ಹೋದಂತೆ ಮಿಜ್ ಎಂಬ ನೊರಜಿನ ಕಾಟ ಆರಂಭವಾಗುತ್ತದೆ. ಗಾಳಿಯಿಲ್ಲದ ತೇವದ ಮುಸ್ಸಂಜೆಯಲ್ಲಿ ಮೋಡದಂತೆ ಮುತ್ತುವ ಈ ಹುಳುಗಳಲ್ಲಿ ಕಚ್ಚುವುದು ಹೆಣ್ಣು ಮಾತ್ರ, ಸ್ವಲ್ಪ ಗಾಳಿ ಬೀಸಿದರೂ ಅವು ಹಾರಲಾರವು. ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡು ತೋಟಕ್ಕೆ ಇಳಿಯುತ್ತಿದ್ದ ನಮಗೆ ಔಷಧಿ ಅಂಗಡಿಯ ಒಂದು ಸ್ಪ್ರೇ ಭಾರವಾಗದು.

ಜನರ ನಡುವೆ ಹೇಗಿರಬೇಕು ಎಂಬುದೇ ಹೊಸಬರ ನಿಜವಾದ ಅಳುಕು. ನಮ್ಮವರು ಹಿಂದಿನ ಮೂಲೆಯಲ್ಲಿ ಗುಂಪಾಗಿ ನಿಂತು, ಫೋನಿನಲ್ಲಿ ಹಾಡೆಲ್ಲ ರೆಕಾರ್ಡ್ ಮಾಡಿಕೊಂಡು ಬರುವುದನ್ನು ನಾನು ಬಹಳ ಸಲ ಕಂಡಿದ್ದೇನೆ, ಅದಕ್ಕೆ ಮನೆಯ ಟಿವಿಯೇ ಸಾಕಿತ್ತು. ಮುಂದಿನ ಸಾಲುಗಳಿಗೆ ಹೋಗಿ. ಗಂಡಸರನ್ನು ಪಾಲ್, ಹೆಂಗಸರನ್ನು ಹೆನ್ ಎಂದು ಅಪರಿಚಿತರು ಕರೆದರೆ ಅದು ಅಗೌರವವಲ್ಲ, ನಮ್ಮ ಬಸ್ಸಿನ ಕಂಡಕ್ಟರ್ ಅಕ್ಕಾ ಎಂದಂತೆ. ಕಳೆದ ಬೇಸಿಗೆ ನಮ್ಮ ಮುಂದೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹಳದಿ ರೇನ್‌ಕೋಟಿನ ಟೋಪಿಯಿಂದ ನೀರು ಸುರಿಯುತ್ತಿದ್ದಂತೆಯೇ ಹಿಂದಿರುಗಿ, ಬೆಣ್ಣೆ ಕಾಗದ ಬಿಚ್ಚಿ, ಟ್ಯಾಬ್ಲೆಟ್ ಎಂಬ ಮಿಠಾಯಿಯ ಚೌಕವೊಂದನ್ನು ನನ್ನ ಹೆಂಡತಿಯ ಅಂಗೈಗಿಟ್ಟರು. ಸಕ್ಕರೆ, ಬೆಣ್ಣೆ, ಗಟ್ಟಿ ಹಾಲು ಕಾಯಿಸಿ ಮಾಡಿದ ಅದು ಗಟ್ಟಿ ಮೈಸೂರು ಪಾಕಿನ ತಮ್ಮನಂತಿರುತ್ತದೆ. ಎರಡು ಹಾಡುಗಳಾದ ಮೇಲೆ ಅದೇ ಅಜ್ಜಿ ಅವಳ ಮೊಣಕೈಗೆ ತಮ್ಮ ಮೊಣಕೈ ಸೇರಿಸಿ ಗಿರಗಿರನೆ ಸುತ್ತಿಸಿ ಪಕ್ಕದವರಿಗೆ ದಾಟಿಸಿಬಿಟ್ಟರು. ಕೇಲಿ ಎಂಬ ಇಲ್ಲಿನ ಕುಣಿತದ ಪದ್ಧತಿಯೇ ಹಾಗೆ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಎಲ್ಲರ ಕೈ ಹಿಡಿದಾಗಿರುತ್ತದೆ. ಕೋಲಾಟದಲ್ಲಿ ಹೆಜ್ಜೆ ತಪ್ಪಿದವರನ್ನು ನಮ್ಮಲ್ಲಿ ಗದರುತ್ತಾರೆ, ಇಲ್ಲಿ ಯಾರೂ ಗದರುವುದಿಲ್ಲ. ಕುಣಿಯಲು ಮನಸ್ಸಿಲ್ಲದಿದ್ದರೆ ನಕ್ಕು ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು.

ತಂಡ ಕೈಮುಗಿದು ಒಳಗೆ ಹೋದ ತಕ್ಷಣ ಚೀಲ ಎತ್ತಿಕೊಳ್ಳಬೇಡಿ. ಇನ್ನೊಂದು ಹಾಡು ಬೇಕೆಂದು ಜನ ಒಂದೇ ದನಿಯಲ್ಲಿ ಕೂಗುತ್ತಾರೆ, ತಂಡ ಬಂದೇ ಬರುತ್ತದೆ. ಆಗ ಲಾಖ್ ಲೋಮಂಡ್ ಎಂಬ ಹಳೆಯ ಹಾಡು ಬಂದರೆ ನೀವು ಅದೃಷ್ಟವಂತರು. 1979ರಲ್ಲಿ ರನ್‌ರಿಗ್ ತಮ್ಮದೇ ಧಾಟಿಯಲ್ಲಿ ಧ್ವನಿಮುದ್ರಿಸಿದ ಈ ಹಾಡಿನಿಂದಲೇ ಸ್ಕಾಟ್ಲೆಂಡಿನ ಎಷ್ಟೋ ಮದುವೆಗಳ ಕುಣಿತ ಮುಗಿಯುತ್ತದೆ. ಪಲ್ಲವಿಯಲ್ಲಿ ಒಬ್ಬರು ಮೇಲಿನ ದಾರಿ, ಇನ್ನೊಬ್ಬರು ಕೆಳಗಿನ ದಾರಿ ಹಿಡಿಯುತ್ತಾರೆ. ಬ್ರಿಟನ್ನಿನ ರಾಜನ ವಿರುದ್ಧ ನಡೆದ 1745ರ ಬಂಡಾಯದಲ್ಲಿ ಸೆರೆಸಿಕ್ಕ ಇಬ್ಬರಲ್ಲಿ ಬಿಡುಗಡೆಯಾದವನು ಮೇಲಿನ ದಾರಿಯಲ್ಲಿ ನಡೆದು ಹೋಗುತ್ತಾನೆ, ಗಲ್ಲಿಗೇರುವವನ ಆತ್ಮ ನೆಲದಡಿಯ ದಾರಿಯಲ್ಲಿ ಅವನಿಗಿಂತ ಮೊದಲೇ ಊರು ಸೇರುತ್ತದೆ ಎಂದು ಜನ ಅದಕ್ಕೆ ಅರ್ಥ ಹೇಳುತ್ತಾರೆ. ನಿಧಾನವಾಗಿ ಆರಂಭವಾಗುವ ಈ ಹಾಡು ಡ್ರಮ್ಸ್ ಬಿದ್ದೊಡನೆ ವೇಗ ಹಿಡಿಯುತ್ತದೆ, ವೃತ್ತವಾಗಿ ಕೈ ಹಿಡಿದ ಜನ ಒಳಕ್ಕೂ ಹೊರಕ್ಕೂ ನುಗ್ಗುತ್ತಾರೆ. ಚಿಕ್ಕ ಮಕ್ಕಳನ್ನು ಆ ಹೊತ್ತಿಗೆ ಹೆಗಲ ಮೇಲೆ ಕೂರಿಸಿಕೊಳ್ಳಿ.

ಮನೆಗೆ ಮರಳುವ ದಾರಿಯನ್ನು ಹೊರಡುವ ಮೊದಲೇ ನೋಡಿಟ್ಟಿರಬೇಕು. ಬ್ಯಾಂಡ್‌ಸ್ಟ್ಯಾಂಡಿನಿಂದ ಕೆಲ್ವಿನ್‌ಹಾಲ್ ಸಬ್‌ವೇ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಆದರೆ 1896ರಿಂದ ಓಡುತ್ತಿರುವ ಈ ಪುಟ್ಟ ವರ್ತುಲ ರೈಲು ಭಾನುವಾರ ಸಂಜೆ ಆರರ ಹೊತ್ತಿಗೇ ನಿಲ್ಲುವುದು ಬಹಳ ಕಾಲದ ರೂಢಿಯಾದ್ದರಿಂದ, ನೀವು ಹೋಗುವ ದಿನದ ವೇಳಾಪಟ್ಟಿಯನ್ನು ನೋಡಿಯೇ ಹೊರಡಿ. ಮನೆ ಸೇರಿದ ಮೇಲೆ ಒದ್ದೆ ಬೂಟುಗಳನ್ನು ರೇಡಿಯೇಟರಿನ ಮೇಲಿಟ್ಟರೆ ಚರ್ಮ ಬಿರಿಯುತ್ತದೆ. ಹಳೆಯ ಪೇಪರನ್ನು ಉಂಡೆ ಮಾಡಿ ಒಳಗೆ ತುರುಕಿ, ಮಲಗುವ ಮೊದಲು ಒಮ್ಮೆ ಬದಲಾಯಿಸಿ, ಬಾಗಿಲ ಪಕ್ಕದಲ್ಲಿಡಿ. ಬೆಳಿಗ್ಗೆ ಆಫೀಸಿಗೆ ಹೋಗುವಷ್ಟರಲ್ಲಿ ಒಣಗಿರುತ್ತವೆ.