80ರಿಂದ 100 ಎಚ್‌ಪಿಗೆ: ಬಳ್ಳಾರಿ ಬಿಸಿಲಲ್ಲಿ ಎಂಜಿನ್ ಬದಲಿಸಿದ್ದು

ಬಳ್ಳಾರಿ ನೆಲವೇ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಅದರ ಮೇಲೆ 40 ಡಿಗ್ರಿ ಬಿಸಿಲು ಬಿದ್ದರೆ ಗಾಳಿ ತೆಳುವಾಗಿ, ಎಂಜಿನ್ ಪಾಲಿಗೆ ನಾವು 1,500 ಮೀಟರ್ ಎತ್ತರದಲ್ಲಿದ್ದ ಹಾಗೇ. ನಮ್ಮ ಎರಡು ಸೀಟಿನ ಹಗುರ ವಿಮಾನ, ಅಂದರೆ ಮೈಕ್ರೋಲೈಟ್‌ನಲ್ಲಿದ್ದ ರೋಟ್ಯಾಕ್ಸ್ ಕಂಪನಿಯ 912 ಯುಎಲ್ ಎಂಜಿನ್ ಕಾಗದದ ಮೇಲೆ 80 ಎಚ್‌ಪಿ. ಏಪ್ರಿಲ್ ಮಧ್ಯಾಹ್ನ ಕೈಗೆ ಸಿಗುತ್ತಿದ್ದದ್ದು 70ರ ಆಸುಪಾಸು. ಇಬ್ಬರು ಕೂತರೆ ರನ್‌ವೇ ಮುಗಿಯುವ ಹೊತ್ತಿಗೆ ಎದೆ ಢವಢವ.

ಬದಲಿಸೋಣ ಅಂದಾಗ ನನಗೆ ಆಸೆ ಹುಟ್ಟಿದ್ದು ಅದೇ ಕಂಪನಿಯ, ಟರ್ಬೊ ಇರುವ 914 ಮೇಲೆ. ಟೇಕಾಫ್‌ಗೆ ಐದು ನಿಮಿಷ 115 ಎಚ್‌ಪಿ, ಆಮೇಲೆ 100. ತೆಳು ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಬಿಸಿಲಿಗೆ ಅದು ಅಷ್ಟಾಗಿ ಜಗ್ಗಲ್ಲ. ತಡೆದದ್ದು ತೂಕ. ಯುಎಲ್ ಸುಮಾರು 55 ಕೆಜಿ, 914 ಸುಮಾರು 64. ಇಂಜೆಕ್ಷನ್ ಇರುವ 912 ಐಎಸ್ ಕೂಡ ಅಷ್ಟೇ ಭಾರ, ಶಕ್ತಿ ಮಾತ್ರ 100. ಅದನ್ನು ಅಲ್ಲೇ ಬಿಟ್ಟೆ.

ಈ ಅಂಕಿಗಳೂ ಬರೀ ಎಂಜಿನ್‌ದು. ಹಾಗಾಗಿ ಹಳೆಯದನ್ನು ಇಳಿಸಿದ ದಿನವೇ ಹತ್ತಿ ಅಂಡಿಗೆ ತೂಗುವ ಕೊಕ್ಕೆ ತಕ್ಕಡಿ ತರಿಸಿದೆ. ಸೈಲೆನ್ಸರ್, ರೇಡಿಯೇಟರ್, ಮೂರು ಲೀಟರ್ ಆಯಿಲ್, ಕೂಲಂಟ್ ಎಲ್ಲ ಸೇರಿಸಿ ಚೈನ್ ಬ್ಲಾಕ್‌ನಲ್ಲಿ ಎತ್ತಿದರೆ ಮುಳ್ಳು 70 ದಾಟಿತು! 914 ಹಾಕಿ ಮೂಗಿನಲ್ಲಿ ಇನ್ನೂ 9 ಕೆಜಿ ಸೇರಿದರೆ, 400 ಕೆಜಿ ವಿಮಾನದ ತೂಕದ ಕೇಂದ್ರ ಹೆಚ್ಚುಕಡಿಮೆ 2 ಸೆಂಟಿಮೀಟರ್ ಮುಂದಕ್ಕೆ ಸರಿಯುತ್ತದೆ. ಬ್ಯಾಟರಿ ಹಿಂದಕ್ಕೆ ಹಾಕಿ ಅದನ್ನು ಸರಿ ಮಾಡಬಹುದು. ಆದರೆ ನಮ್ಮದಕ್ಕೆ 450 ಕೆಜಿಯ ಮಿತಿ. ಆ 9 ಕೆಜಿ ಅಂದರೆ 12 ಲೀಟರ್ ಪೆಟ್ರೋಲ್, ಅರ್ಧ ಗಂಟೆಗೂ ಜಾಸ್ತಿ ಹಾರಾಟ.

ಕೊನೆಗೆ ಕೂರಿಸಿದ್ದು 912 ಯುಎಲ್‌ಎಸ್. ಸ್ಟ್ರೋಕ್ (ಪಿಸ್ಟನ್ ಓಡಾಟದ ಉದ್ದ) ಅದೇ 61 ಮಿಲಿಮೀಟರ್, ಬೋರ್ (ಸಿಲಿಂಡರ್ ಅಗಲ) ಮಾತ್ರ 79.5ರಿಂದ 84. ಒಂದೂವರೆ ಕೆಜಿ ಒಳಗೆ 20 ಎಚ್‌ಪಿ ಜಾಸ್ತಿ ಅಂದರೆ ಲಾಭದ ವ್ಯಾಪಾರ ಅಲ್ವಾ? ಸುಡುಬಿಸಿಲಲ್ಲೂ 85ರ ಮೇಲೆ ಸಿಗುತ್ತದೆ. ಹಳೆಯದು ಚಳಿಗಾಲದ ಬೆಳಗ್ಗೆಯೂ ಅಷ್ಟು ಕೊಟ್ಟಿರಲಿಲ್ಲ.

ಬೋಲ್ಟ್ ಬಿಗಿದರೆ ಕೆಲಸ ಮುಗಿಯಲ್ಲ. ಗೇರ್ ಅನುಪಾತ 2.27 ಇದ್ದದ್ದು 2.43 ಆಗಿ ಪ್ರೊಪೆಲ್ಲರ್ ನಿಧಾನ ತಿರುಗುತ್ತದೆ. ಒಂದೊಂದು ಬ್ಲೇಡಿಗೂ ಕೋನಮಾಪಕ ಹಿಡಿದು ಪಿಚ್ (ಬ್ಲೇಡಿನ ಓರೆ) ಹೊಸದಾಗಿ ಕೂರಿಸಿದೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿಗೆ, ಇಡೀ ವಿಮಾನದ ಮರುತೂಕ ಇದ್ದೇ ಇದೆ. ಇನ್ನು ಪೆಟ್ರೋಲ್. ಯುಎಲ್‌ಗೆ 90 ಆಕ್ಟೇನ್ ಸಾಕಿತ್ತು, ಇದು 95 ಕೇಳುತ್ತದೆ. ಎಥನಾಲ್ ಶೇ 10ಕ್ಕಿಂತ ಹೆಚ್ಚಿರಬಾರದು, ಬಂಕಿನಲ್ಲಿ ಸಿಗುವುದು ಶೇ 20ರದ್ದು. ಅದಕ್ಕೇ ಈಗ ಬಂಕಿಗೆ ಹೋಗುವುದನ್ನೇ ಬಿಟ್ಟು, ವಿಮಾನದ ಪೆಟ್ರೋಲನ್ನು ಡ್ರಮ್ಮಿನಲ್ಲಿ ತರಿಸುತ್ತೇವೆ. ಅದರಲ್ಲಿ ಸೀಸ ಇರುವುದರಿಂದ ಆಯಿಲ್ ಬೇಗ ಬೇಗ ಬದಲಿಸಬೇಕು.