ಜರ್ಮನಿಯಲ್ಲಿ ತಾಯಿ-ಮಗುವಿನ ಆರೋಗ್ಯ ವಿಮೆ: ಹೊಸದಾಗಿ ಬಂದವರು ಮೊದಲ ತಿಂಗಳೇ ತಿಳಿದಿರಬೇಕಾದದ್ದು

ಬಂದಿಳಿದ ಮೊದಲ ವಾರ ಎಲ್ಲರಿಗೂ ಮನೆ, ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ಇದರದ್ದೇ ಚಿಂತೆ. ಆರೋಗ್ಯ ವಿಮೆಯ ಫಾರ್ಮ್ ಬಂದರೆ ಆಫೀಸಿನವರು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಮುಗಿಸುತ್ತೇವೆ, ಅಲ್ವಾ? ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವವರು, ಇಲ್ಲೇ ಮಗು ಆಗಲಿ ಅಂದುಕೊಂಡಿರುವವರು ದಯವಿಟ್ಟು ಆ ಸಹಿಗೆ ಮುಂಚೆ ಇದನ್ನು ಓದಿ. ನಮ್ಮ ಸಂಘಕ್ಕೆ ಬರುವ ಫೋನ್‌ಗಳಲ್ಲಿ ಜಾಸ್ತಿ ಇದೇ ವಿಷಯಕ್ಕೆ, ಅದೂ ಬಸಿರಿನ ಎಂಟನೇ ತಿಂಗಳಲ್ಲಿ.

ಇಲ್ಲಿ ವಿಮೆ ಎರಡು ಥರ. ಒಂದು ಸರ್ಕಾರಿ ಕಾನೂನಿನ ಕೆಳಗೆ ನಡೆಯುವ ಕ್ರಾಂಕೆನ್‌ಕಾಸೆ, ನಾವೆಲ್ಲ ಸುಮ್ನೆ ಕಾಸೆ ಅನ್ನುತ್ತೇವೆ. ಎಒಕೆ, ಟೆಕೆ, ಬಾರ್ಮರ್, ಡಿಎಕೆ ಇವೆಲ್ಲ ಇದೇ ಗುಂಪು. ದೇಶದ ಹತ್ತರಲ್ಲಿ ಒಂಬತ್ತು ಜನ ಇದರಲ್ಲೇ ಇದ್ದಾರೆ. ಸಂಬಳದ 14.6 ಶೇಕಡಾ ಮೂಲ ಕಂತು, ಅದರ ಮೇಲೆ ಆಯಾ ಕಾಸೆಯ ಹೆಚ್ಚುವರಿ ಕಂತು. ಎರಡರಲ್ಲೂ ಅರ್ಧ ಕಂಪನಿ ಕೊಡುತ್ತದೆ. ಇನ್ನೊಂದು ಖಾಸಗಿ ವಿಮೆ. ವರ್ಷದ ಸಂಬಳ ಒಂದು ಮಿತಿ ದಾಟಿದ ನೌಕರರು ಇದಕ್ಕೆ ಹೋಗಬಹುದು. 2026ರಲ್ಲಿ ಆ ಮಿತಿ 77,400 ಯೂರೋ, ಪ್ರತಿ ಜನವರಿ ಬದಲಾಗುತ್ತದೆ. ಒಬ್ಬರೇ ಇರುವ, ಆರೋಗ್ಯವಾಗಿರುವ, ಮೂವತ್ತರ ಹುಡುಗನಿಗೆ ಖಾಸಗಿಯ ಕಂತು ಕಡಿಮೆ ಕಾಣುತ್ತದೆ. ಏಜೆಂಟ್ ಅದನ್ನೇ ತೋರಿಸುತ್ತಾನೆ.

ಅವನು ತೋರಿಸದ ಲೆಕ್ಕ ಬೇರೆ ಇದೆ. ಕಾಸೆಯಲ್ಲಿ ಕೆಲಸಕ್ಕೆ ಹೋಗದ ಹೆಂಡತಿ ಅಥವಾ ಗಂಡ, ಮಕ್ಕಳು, ಎಷ್ಟು ಜನ ಇದ್ದರೂ ಒಂದು ಪೈಸೆ ಹೆಚ್ಚಿಲ್ಲದೆ ನಿಮ್ಮ ವಿಮೆಯ ಒಳಗೇ ಬರುತ್ತಾರೆ. ಇದಕ್ಕೆ ಫಮೀಲಿಯನ್‌ಫೆರ್ಜಿಷರುಂಗ್, ಅಂದರೆ ಕುಟುಂಬ ವಿಮೆ ಅನ್ನುತ್ತಾರೆ. ಅವರ ಸ್ವಂತ ಆದಾಯ ತಿಂಗಳಿಗೆ 565 ಯೂರೋ ದಾಟಬಾರದು (2026ರ ಲೆಕ್ಕ, ಮಿನಿಜಾಬ್ ಅನ್ನುವ ಸಣ್ಣ ಸಂಬಳದ ಕೆಲಸ ಆದರೆ 603). ಖಾಸಗಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಕಂತು, ನಿನ್ನೆ ಹುಟ್ಟಿದ ಕೂಸಿಗೂ ಸೇರಿ. ಗಂಡ ಖಾಸಗಿ, ಹೆಂಡತಿ ಕಾಸೆ ಅಂತ ಇದ್ದರೆ ಮಗುವನ್ನು ಹೆಂಡತಿಯ ಕಡೆ ಸೇರಿಸಬಹುದು ಅಂತ ಹಲವರು ಅಂದುಕೊಂಡಿರುತ್ತಾರೆ. ಗಂಡನ ಸಂಬಳ ಆ 77,400ರ ಮಿತಿಗಿಂತಲೂ, ಹೆಂಡತಿಯದಕ್ಕಿಂತಲೂ ಜಾಸ್ತಿ ಇದ್ದರೆ ಅದು ಆಗುವುದಿಲ್ಲ. ಒಮ್ಮೆ ಖಾಸಗಿಗೆ ಹೋದರೆ ವಾಪಸ್ ಬರೋದೂ ಸುಲಭವಲ್ಲ, 55 ದಾಟಿದ ಮೇಲಂತೂ ಬಾಗಿಲು ಮುಚ್ಚಿದ ಹಾಗೆಯೇ. ಸಂಸಾರ ಇರುವವರಿಗೆ ಕಾಸೆಯೇ ಸರಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಈಗಾಗಲೇ ಖಾಸಗಿಯಲ್ಲಿದ್ದರೆ ಒಂದು ಮಾತು ನೆನಪಿಡಿ: ಮಗು ಹುಟ್ಟಿದ ಎರಡು ತಿಂಗಳೊಳಗೆ ನಿಮ್ಮ ವಿಮೆಗೇ ಸೇರಿಸಿಬಿಡಿ. ಹುಟ್ಟುವಾಗ ನಿಮ್ಮ ವಿಮೆಗೆ ಕನಿಷ್ಠ ಮೂರು ತಿಂಗಳಾಗಿದ್ದರೆ, ಮಗುವಿನ ಆರೋಗ್ಯ ಪ್ರಶ್ನಿಸದೆ ಅವರು ತೆಗೆದುಕೊಳ್ಳಲೇಬೇಕು.

ಗರ್ಭಿಣಿಯಾಗಿಯೇ ವಿಮಾನ ಇಳಿದವರೂ ಹೆದರಬೇಡಿ. ಕಾಸೆಯಲ್ಲಿ ಕಾಯುವ ಅವಧಿ ಇಲ್ಲ, "ಮೊದಲೇ ಇದ್ದ ಸ್ಥಿತಿ" ಅನ್ನುವ ಮಾತಿಲ್ಲ, ಊರಿನ ಕಂಪನಿ ಪಾಲಿಸಿಗಳ ಹಾಗೆ ಹೆರಿಗೆಗೆ ಇಷ್ಟೇ ರೂಪಾಯಿ ಅನ್ನುವ ಮಿತಿಯೂ ಇಲ್ಲ. ವೀಸಾಕ್ಕೆ ಅಂತ ಮಾಡಿಸಿದ ಅಗ್ಗದ ಪ್ರವಾಸಿ ವಿಮೆಯನ್ನೇ ನಂಬಿ ಮಾತ್ರ ಕೂರಬೇಡಿ, ಅವುಗಳಲ್ಲಿ ಬಸಿರಿನ ಖರ್ಚು ಸಾಮಾನ್ಯವಾಗಿ ಹೊರಗೇ. ಕಾರ್ಡ್ ಅಂಚೆಯಲ್ಲಿ ಬರಲು ವಾರಗಳಾಗುತ್ತವೆ. ಅಲ್ಲಿಯವರೆಗೆ ಡಾಕ್ಟರ್ ಹತ್ತಿರ ತೋರಿಸಲು ತಾತ್ಕಾಲಿಕ ಪತ್ರ ಕೊಡಿ ಅಂತ ಕಾಸೆಗೆ ಫೋನ್ ಮಾಡಿದರೆ ಕಳಿಸುತ್ತಾರೆ.

ಟೆಸ್ಟ್ ಪಾಸಿಟಿವ್ ಬಂದರೆ ಫ್ರೌವೆನ್‌ಆರ್ಟ್ಸ್ಟ್, ಅಂದರೆ ಹೆಂಗಸರ ಡಾಕ್ಟರ್ ಹತ್ತಿರ ಹೋಗಿ. ಅವರು ಮುಟರ್‌ಪಾಸ್ ಅನ್ನುವ ಪುಟ್ಟ ಪುಸ್ತಕ ಕೊಡುತ್ತಾರೆ. ನಮ್ಮೂರಿನ ತಾಯಿ ಕಾರ್ಡ್ ಇದ್ದ ಹಾಗೆಯೇ: ರಕ್ತದ ಗುಂಪು, ಬಿಪಿ, ತೂಕ, ಮಗುವಿನ ಬೆಳವಣಿಗೆ ಎಲ್ಲ ಅದರಲ್ಲೇ. ಪರ್ಸ್‌ನಲ್ಲಿ ಸದಾ ಇರಲಿ. ಊರಿನ ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ. ತಿಂಗಳಿಗೊಮ್ಮೆ ತಪಾಸಣೆ, ಕೊನೆಯ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ. ಸ್ಕ್ಯಾನ್ ಮೂರೇ ಮೂರು, ಸುಮಾರು 10, 20, 30ನೇ ವಾರಕ್ಕೆ. ಊರಲ್ಲಿ ಹೋದಾಗಲೆಲ್ಲ ಸ್ಕ್ಯಾನ್ ನೋಡಿ ಅಭ್ಯಾಸವಾದವರಿಗೆ ಇದು ಕಡಿಮೆ ಅನ್ನಿಸುತ್ತದೆ, ಆದರೆ ತೊಂದರೆ ಕಂಡರೆ ಹೆಚ್ಚಿನದನ್ನೂ ಕಾಸೆಯೇ ಕೊಡುತ್ತದೆ. ಸುಮ್ನೆ ನೋಡುವ ಆಸೆಗೆ ಮಾಡಿಸುವ ಸ್ಕ್ಯಾನ್‌ಗೆ ಕೈಯಿಂದ ಹಣ ಕೊಡಬೇಕು. ಡಾಕ್ಟರ್ ಒಂದು ಪಟ್ಟಿ ಕೊಟ್ಟು ಇವಕ್ಕೆ ಸಹಿ ಹಾಕಿ ಅಂದರೆ ಅವಸರ ಬೇಡ, "ಇದು ಕಾಸೆ ಕೊಡುತ್ತದಾ?" ಅಂತ ಒಂದೊಂದನ್ನೂ ಕೇಳಿ. 24ರಿಂದ 28ನೇ ವಾರದ ಸಕ್ಕರೆ ಪರೀಕ್ಷೆ ಮಾತ್ರ ತಪ್ಪಿಸಲೇಬೇಡಿ. ನಮ್ಮ ಕಡೆಯ ಹೆಂಗಸರಿಗೆ ಬಸಿರಿನಲ್ಲಿ ಸಕ್ಕರೆ ಏರುವುದು ಇಲ್ಲಿಯವರಿಗಿಂತ ಜಾಸ್ತಿ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು. ಹೆಬಾಮೆ ಹುಡುಕಿ. ಅತ್ತೆ ಮಾವನಿಗೆ ಸಿಹಿ ಸುದ್ದಿ ಹೇಳುವ ಮುಂಚೆಯೇ ಹುಡುಕಿ ಅಂದರೂ ತಪ್ಪಿಲ್ಲ. ಹೆಬಾಮೆ ಅಂದರೆ ಓದಿ ತರಬೇತಿ ಪಡೆದ ಸೂಲಗಿತ್ತಿ. ಹೆರಿಗೆಯಾದ ಮೇಲೆ ನಿಮ್ಮ ಮನೆಗೇ ಬರುತ್ತಾರೆ, ಮೊದಲ ಹತ್ತು ದಿನ ಬೇಕಾದರೆ ದಿನಾ, ಆಮೇಲೆ ಹನ್ನೆರಡು ವಾರದವರೆಗೆ ಅಗತ್ಯಕ್ಕೆ ತಕ್ಕಂತೆ. ಮಗುವಿನ ತೂಕ ನೋಡುತ್ತಾರೆ, ಹೊಕ್ಕುಳ ನೋಡುತ್ತಾರೆ, ಹೊಲಿಗೆ ಮಾಗಿದೆಯಾ ನೋಡುತ್ತಾರೆ, ಎದೆಹಾಲು ಸರಿಯಾಗಿ ಬರದಿದ್ದರೆ ಪಕ್ಕ ಕೂತು ಕಲಿಸುತ್ತಾರೆ, ನಿದ್ದೆ ಬಂತಾ, ಅಳು ಬರ್ತಿದೆಯಾ ಅಂತ ಕೇಳುತ್ತಾರೆ. ಬಿಲ್ ಕಾಸೆಗೇ ಹೋಗುತ್ತದೆ. ತವರು ಏಳು ಸಾವಿರ ಕಿಲೋಮೀಟರ್ ದೂರ ಇರುವಾಗ ಇದರ ಬೆಲೆ ಏನು ಅನ್ನೋದು ಬಾಣಂತಿಗೇ ಗೊತ್ತು. ನನ್ನ ಮೊದಲ ಮಗುವಿಗೆ ಆರನೇ ತಿಂಗಳಲ್ಲಿ ಹುಡುಕಲು ಶುರು ಮಾಡಿದೆ. ಫೋನ್ ಮಾಡಿದ ಎಲ್ಲರೂ ಜಾಗ ಇಲ್ಲ ಅಂದರು. ಮಗುವಿಗೆ ಕಾಮಾಲೆ ಬಂದು ಹಾಲು ಕುಡಿಯದೆ ಮಲಗಿದ ಆ ಐದನೇ ದಿನ, ಮನೆಯಲ್ಲಿ ನಾನೂ ಗಂಡನೂ ಇಬ್ಬರೇ, ಯಾರನ್ನು ಕೇಳುವುದು ಅಂತ ತಿಳಿಯದೆ ಅತ್ತಿದ್ದು ಇನ್ನೂ ಮರೆತಿಲ್ಲ. ಎರಡನೆಯದಕ್ಕೆ ಆರನೇ ವಾರದಲ್ಲೇ ಹುಡುಕಿದೆ, ಸಿಕ್ಕರು. ದೊಡ್ಡ ಊರುಗಳಲ್ಲಿ ಹೆಬಾಮೆಯರ ಕೊರತೆ ನಿಜವಾಗಿ ಇದೆ.

ಅಮ್ಮ ಬಾಣಂತನಕ್ಕೆ ಬರುತ್ತಾರಲ್ಲ ಅಂತ ಬಿಡಬೇಡಿ. ಅಮ್ಮನ ಕೈ ಅಡುಗೆ, ಎಣ್ಣೆ ನೀರು ಒಂದು, ಹೆಬಾಮೆಯ ಕೆಲಸ ಇನ್ನೊಂದು. ಜೊತೆಗೆ ಅಮ್ಮನ ವೀಸಾ ತೊಂಬತ್ತೇ ದಿನ, ಅವರು ನಿಮ್ಮ ಕುಟುಂಬ ವಿಮೆಯೊಳಗೆ ಬರುವುದಿಲ್ಲ. ಅವರಿಗೆ ಕನಿಷ್ಠ 30,000 ಯೂರೋಗಳ ಪ್ರವಾಸಿ ವಿಮೆ ಬೇಕು. ಬಿಪಿ, ಶುಗರ್ ಇದ್ದರೆ ಮಾತ್ರೆ ಊರಿಂದಲೇ ಪೂರ್ತಿ ತರಲಿ.

ಕೆಲಸದಲ್ಲಿರುವವರಿಗೆ ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಎಂಟು ವಾರ ರಜೆ. ಅವಳಿ ಅಥವಾ ಅವಧಿಗೆ ಮುಂಚಿನ ಮಗುವಾದರೆ ಆಮೇಲಿನದು ಹನ್ನೆರಡು. ಆ ದಿನಗಳಿಗೆ ಕಾಸೆ ದಿನಕ್ಕೆ 13 ಯೂರೋವರೆಗೆ ಕೊಡುತ್ತದೆ, ಕೈಗೆ ಬರುತ್ತಿದ್ದ ಸಂಬಳಕ್ಕೆ ಎಷ್ಟು ಕಡಿಮೆಯೋ ಅಷ್ಟು ಕಂಪನಿ ತುಂಬುತ್ತದೆ. ಹೆರಿಗೆಗೆ ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಮಾಮೂಲಿ ದಿನಕ್ಕೆ 10 ಯೂರೋ ಕಟ್ಟುವ ನಿಯಮವೂ ಇಲ್ಲ. ಸಿಸೇರಿಯನ್ ಆಗಿ ಮನೆಯಲ್ಲಿ ಇನ್ನೊಂದು ಸಣ್ಣ ಮಗು ಇದ್ದು, ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ಮನೆಕೆಲಸಕ್ಕೆ ಸಹಾಯಕರನ್ನೂ ಕೇಳಬಹುದು. ಡಾಕ್ಟರ್ ಚೀಟಿ ಬೇಕು. ಇದನ್ನು ತಾವಾಗಿ ಯಾರೂ ಹೇಳುವುದಿಲ್ಲ, ನೀವೇ ಕೇಳಬೇಕು.

ಮಗು ಹುಟ್ಟಿದ ಮೇಲೆ ಜನನ ಪತ್ರ ಕಾಸೆಗೆ ಕಳಿಸಿ. ಆಸ್ಪತ್ರೆಯಲ್ಲಿ ಕೊಡುವ ಹಳದಿ ಪುಸ್ತಕದಲ್ಲಿ ಯು1ರಿಂದ ಯು9ರವರೆಗೆ ತಪಾಸಣೆಗಳ ಪಟ್ಟಿ ಇರುತ್ತದೆ, ಐದು ವರ್ಷ ದಾಟುವವರೆಗೆ. ಬವೇರಿಯಾ, ಹೆಸ್ಸೆ, ಬಾಡೆನ್-ವುರ್ಟೆಂಬೆರ್ಗ್‌ನಲ್ಲಿ ಇವು ಕಡ್ಡಾಯ. ಮಕ್ಕಳ ಡಾಕ್ಟರ್ ಸಿಗುವುದೂ ಕಷ್ಟ, ಹೆರಿಗೆಗೆ ಮುಂಚೆಯೇ ಕ್ಲಿನಿಕ್ಕಿಗೆ ಹೋಗಿ ಹೆಸರು ಬರೆಸಿ. ಹದಿನೆಂಟರವರೆಗೆ ಮಕ್ಕಳ ಔಷಧಿಗೆ ಪಾಲು ಕಟ್ಟಬೇಕಿಲ್ಲ. ಹನ್ನೆರಡರೊಳಗಿನವರಿಗೆ ಜ್ವರದ ಸಿರಪ್ಪನ್ನೂ ಡಾಕ್ಟರ್ ಬರೆದುಕೊಟ್ಟರೆ ಕಾಸೆ ಕೊಡುತ್ತದೆ.

ಊರಿಂದ ಮಕ್ಕಳನ್ನು ಕರೆತರುವವರು ಲಸಿಕೆ ಕಾರ್ಡ್ ಮರೆಯಬೇಡಿ. 2020ರ ಮಾರ್ಚ್‌ನಿಂದ ದಡಾರದ ಲಸಿಕೆ ತೋರಿಸದೆ ಕಿಟಾದಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಸೇರಿಸಿಕೊಳ್ಳುವುದಿಲ್ಲ. ನಮ್ಮ ಸರ್ಕಾರಿ ಲಸಿಕೆಯಲ್ಲಿ ದಡಾರ, ರುಬೆಲ್ಲಾ ಮಾತ್ರ ಇರುವುದರಿಂದ ಮಂಗನಬಾವು ಸೇರಿದ ಡೋಸ್ ಇಲ್ಲಿ ಮತ್ತೆ ಹಾಕಬಹುದು, ಗಾಬರಿ ಬೇಡ. ತೋಳಿನ ಮೇಲಿನ ಬಿಸಿಜಿ ಗುರುತು ನೋಡಿ ಕೇಳುತ್ತಾರೆ, ಇಲ್ಲಿ ಅದನ್ನು ಮಾಮೂಲಾಗಿ ಹಾಕುವುದಿಲ್ಲ.

ಕಿಟಾ ಸೇರಿದ ಮೊದಲ ಚಳಿಗಾಲ ಮಗುವಿಗೆ ಮೇಲಿಂದ ಮೇಲೆ ನೆಗಡಿ ಜ್ವರ. ಇದಕ್ಕೂ ದಾರಿ ಇದೆ. ನೀವೂ ಮಗುವೂ ಕಾಸೆಯಲ್ಲಿದ್ದರೆ, ಹನ್ನೆರಡರೊಳಗಿನ ಮಗುವನ್ನು ನೋಡಿಕೊಳ್ಳಲು ತಂದೆಗೆ 15 ದಿನ, ತಾಯಿಗೆ 15 ದಿನ ಬೇರೆಯದೇ ರಜೆ ವರ್ಷಕ್ಕೆ (2026ರ ಲೆಕ್ಕ). ಆ ದಿನಗಳ ಸಂಬಳದ ಬಹುಪಾಲು ಕಾಸೆ ಕೊಡುತ್ತದೆ. ಅಪ್ಪಂದಿರೇ, ಇದನ್ನು ನೀವೂ ತೆಗೆದುಕೊಳ್ಳಿ.

ರಾತ್ರಿ, ಭಾನುವಾರ ಡಾಕ್ಟರ್ ಬೇಕಾದರೆ 116117, ಜೀವಕ್ಕೆ ಅಪಾಯ ಅನ್ನಿಸಿದರೆ 112. ಮೊದಲ ಸಲ ಡಾಕ್ಟರ್ ಹತ್ತಿರ ಅಥವಾ ಕಾಸೆ ಆಫೀಸಿಗೆ ಹೋಗುವಾಗ ಭಾಷೆಯ ಭಯ ಇದ್ದರೆ ಸಂಘದಲ್ಲಿ ಜರ್ಮನ್ ಬರುವ ಹೆಂಗಸರು ಜೊತೆಗೆ ಬರುತ್ತೇವೆ. ಎರಡು ದಿನ ಮುಂಚೆ ಹೇಳಿ, ಮುಟರ್‌ಪಾಸ್, ಕಾರ್ಡ್, ಊರಿನ ರಿಪೋರ್ಟ್ ಎಲ್ಲ ಒಂದು ಚೀಲದಲ್ಲಿ ಹಾಕಿಟ್ಟುಕೊಂಡಿರಿ.