ಘಟ್ಟ ಇಳಿಯುವ ಆಕ್ಸಿಜನ್ ಟ್ಯಾಂಕರ್: ಯಾವ ವಾಲ್ವ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು

ಹುಬ್ಬಳ್ಳಿ, ಯಲ್ಲಾಪುರ ದಾಟಿ ಬರುವ ಟ್ಯಾಂಕರು ಅಂಕೋಲೆ ಮುಟ್ಟಬೇಕಾದರೆ ಅರಬೈಲ್ ಘಟ್ಟ ಇಳಿಯಬೇಕು. ಕುಮಟೆಯಿಂದ ಶಿರಸಿಗೆ ಹತ್ತುವುದಾದರೆ ದೇವಿಮನೆ ಘಟ್ಟ. ಒಳಗಿನ ಸರಕು ಮೈನಸ್ 183 ಡಿಗ್ರಿಯ ಆಕ್ಸಿಜನ್ ಇರಲಿ, ಮೈನಸ್ 186ರ ಆರ್ಗಾನ್ ಇರಲಿ, ಮೈನಸ್ 196ರ ನೈಟ್ರೋಜನ್ ಇರಲಿ, ದಾರಿಯುದ್ದಕ್ಕೂ ಅದು ನಿಧಾನವಾಗಿ ಕುದಿಯುತ್ತಲೇ ಇರುತ್ತದೆ. ಟ್ಯಾಂಕರೆಂದರೆ ಎರಡು ಗೋಡೆಯ ದೊಡ್ಡ ಥರ್ಮಾಸ್. ಗೋಡೆಗಳ ನಡುವಿನ ನಿರ್ವಾತ ಬಿಸಿಯನ್ನು ತಡೆಯುತ್ತದೆ, ಆದರೆ ಪೂರ್ತಿ ನಿಲ್ಲಿಸುವುದಿಲ್ಲ. ಈ ಗಾಡಿಯ ವಾಲ್ವ್‌ಗಳ ನಿಯಮಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಮೊದಲ ನಿಯಮ: ಎರಡು ಮುಚ್ಚಿದ ವಾಲ್ವ್‌ಗಳ ನಡುವೆ ದ್ರವ ಸಿಕ್ಕಿಕೊಳ್ಳಬಾರದು. ಲೆಕ್ಕ ಹಾಕಿ ನೋಡಿ. 50 ಮಿಲಿಮೀಟರ್ ಒಳವ್ಯಾಸದ, 3 ಮೀಟರ್ ಉದ್ದದ ಹೋಸಿನಲ್ಲಿ ಸುಮಾರು 6 ಲೀಟರ್ ದ್ರವ ಹಿಡಿಯುತ್ತದೆ. ಒಂದು ಲೀಟರ್ ದ್ರವ ಆಕ್ಸಿಜನ್ ಹೊರಗಿನ ಬಿಸಿಗೆ ಸುಮಾರು 860 ಲೀಟರ್ ಗ್ಯಾಸ್ ಆಗುತ್ತದೆ. ಅಂದರೆ ಆ ಹೋಸಿನೊಳಗೆ 5,000 ಲೀಟರ್ ಗ್ಯಾಸ್. ಆಸ್ಪತ್ರೆಯ ದಪ್ಪ ಉಕ್ಕಿನ ಜಂಬೋ ಸಿಲಿಂಡರಿನಲ್ಲಿ ತುಂಬುವುದೇ ಸುಮಾರು 7,000 ಲೀಟರ್. ಒತ್ತಡ ಹೆಚ್ಚಿದರೂ ದ್ರವವಾಗಿಯೇ ಉಳಿದೀತು ಎಂದು ಭಾವಿಸಬೇಡಿ. ಮೈನಸ್ 118 ಡಿಗ್ರಿ ದಾಟಿದ ಮೇಲೆ ಎಷ್ಟೇ ಒತ್ತಿದರೂ ಆಕ್ಸಿಜನ್ ದ್ರವವಾಗಿ ನಿಲ್ಲದು. ಹೋಸ್ ಒಡೆಯುವುದೊಂದೇ ಬಾಕಿ.

ಹಾಗಾಗಿ ಎರಡು ವಾಲ್ವ್‌ಗಳ ನಡುವಿನ ಪ್ರತಿ ತುಂಡು ಪೈಪಿಗೂ, ಒತ್ತಡ ಹೆಚ್ಚಿದರೆ ತಾನೇ ತೆರೆದು ಹೊರಬಿಡುವ ಒಂದು ಚಿಕ್ಕ ರಿಲೀಫ್ ವಾಲ್ವ್ ಇರಲೇಬೇಕು. ಅಡ್ಡ ಪೈಪಿನ ಮೇಲೆ ಹೆಬ್ಬೆರಳು ಗಾತ್ರದ ಹಿತ್ತಾಳೆ ತುಂಡೊಂದು ನಿಂತಿರುತ್ತದಲ್ಲ, ಅದೇ. ಅದು ಸೋರುತ್ತದೆಂದು ಕಿತ್ತು ಪ್ಲಗ್ ಹಾಕಿದರೆ ಆ ಪೈಪು ಬಾಂಬ್ ಇದ್ದಂತೆ. ಪೈಪ್ ಕೆಲಸ ಮಾಡಿಸಿದಾಗ, ಹೊಸ ವಾಲ್ವ್ ಸೇರಿಸಿದಾಗ, ಲೈನಿನ ಮೇಲೆ ಬೆರಳು ಓಡಿಸುತ್ತ ಎಣಿಸಿ: ಇಲ್ಲಿ ಮುಚ್ಚಿದೆ, ಅಲ್ಲಿ ಮುಚ್ಚಿದೆ, ನಡುವೆ ಉಸಿರು ಬಿಡುವ ಜಾಗ ಎಲ್ಲಿ?

ಒಳಗಿನ ಗೋಲಿ ತಿರುಗಿ ದಾರಿ ಮುಚ್ಚುವ ಬಾಲ್ ವಾಲ್ವ್ ಇದ್ದರೆ ಇನ್ನೊಂದು ಬಲೆ ಇದೆ. ಮುಚ್ಚಿದಾಗ ಗೋಲಿಯ ಹೊಟ್ಟೆಯಲ್ಲೂ ಒಂದಿಷ್ಟು ದ್ರವ ಉಳಿಯುತ್ತದೆ. ಈ ಕೆಲಸಕ್ಕೆಂದೇ ಮಾಡಿದ ವಾಲ್ವ್‌ನ ಗೋಲಿಯಲ್ಲಿ ಸಣ್ಣ ತೂತಿದ್ದು, ಅದು ಟ್ಯಾಂಕಿನ ಕಡೆಗೆ ತೆರೆದಿರುತ್ತದೆ. ಮೈಮೇಲಿನ ಬಾಣದ ಗುರುತು ನೋಡದೆ ತಿರುಗಿಸಿ ಕೂರಿಸಿದರೆ, ಮುಚ್ಚಿದ ವಾಲ್ವೂ ಆ ತೂತಿನಿಂದ ಹೊರಬದಿಗೆ ದ್ರವ ಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯ ನೀರಿನ ಬಾಲ್ವಾಲ್ವಿಗೆ ಆ ತೂತೇ ಇಲ್ಲ. ತುರ್ತಿಗೆಂದೂ ಅದನ್ನು ಹಾಕಬೇಡಿ.

ಹಿಂದಿನ ಕ್ಯಾಬಿನೆಟ್ಟಿನ ಬಾಗಿಲು ತೆಗೆದರೆ ಒಮ್ಮೆಗೇ ಹತ್ತಾರು ಹಿಡಿಕೆ ಕಾಣುತ್ತವೆ. ಗಾಬರಿ ಬೇಡ, ಮುಖ್ಯವಾದವು ಕೆಲವೇ. ಟ್ಯಾಂಕಿನಿಂದ ದ್ರವ ಹೊರಬರುವ ಕಡೆ ಗಾಳಿಯ ಒತ್ತಡದಿಂದ ತೆರೆದುಕೊಳ್ಳುವ ಎಮರ್ಜೆನ್ಸಿ ವಾಲ್ವ್. ಅದರಾಚೆ ಕೈಯಿಂದ ತಿರುಗಿಸುವ ಡಿಸ್ಚಾರ್ಜ್ ವಾಲ್ವ್. ತಳದಿಂದ ಸ್ವಲ್ಪ ದ್ರವ ತೆಗೆದು ಸುರುಳಿಯಲ್ಲಿ ಆವಿ ಮಾಡಿ ಮೇಲಕ್ಕೆ ಕಳಿಸಿ ಒತ್ತಡ ಏರಿಸುವ ಪ್ರೆಶರ್ ಬಿಲ್ಡಿಂಗ್ ವಾಲ್ವ್. ಗ್ಯಾಸ್ ಹೊರಬಿಡುವ ವೆಂಟ್. ತುಂಬುವಾಗ ಮಟ್ಟ ಮುಟ್ಟಿತೆಂದು ತಿಳಿಸುವ ಟ್ರೈಕಾಕ್. ಮೇಲೆ ಎರಡು ಸೇಫ್ಟಿ ವಾಲ್ವ್, ಅವುಗಳ ನಡುವೆ, ಯಾವುದನ್ನು ಬಳಸಬೇಕೋ ಅದರ ಕಡೆಗೆ ದಾರಿ ತಿರುಗಿಸುವ ಮೂರು ದಾರಿಯ ಡೈವರ್ಟರ್. ಅವೂ ಕೈಕೊಟ್ಟರೆ ಒಡೆಯಲೆಂದು ಬರ್ಸ್ಟಿಂಗ್ ಡಿಸ್ಕ್.

ಡೈವರ್ಟರ್ ಹಿಡಿಕೆ ಒಂದು ಬದಿಗೆ ಪೂರ್ತಿ ಸರಿದಿರಬೇಕು. ನಡುವೆ ನಿಲ್ಲಿಸುವ ಅಭ್ಯಾಸ ಕೆಟ್ಟದ್ದು. ಬಳಕೆಯಲ್ಲಿರುವ ಸೇಫ್ಟಿ ವಾಲ್ವ್‌ನ ಸೀಲು ಮತ್ತು ಟ್ಯಾಗಿನ ಮೇಲಿನ ಪರೀಕ್ಷೆಯ ದಿನಾಂಕವನ್ನು ಡಿಪೋದಲ್ಲೇ ನೋಡಿಕೊಳ್ಳಿ. ಘಟ್ಟದ ತಿರುವಿನಲ್ಲಿ ನೋಡಿ ಏನೂ ಪ್ರಯೋಜನವಿಲ್ಲ.

ಎಮರ್ಜೆನ್ಸಿ ವಾಲ್ವಿಗೆ ಗಾಳಿ ಇದ್ದರೆ ಮಾತ್ರ ತೆರೆದಿರುತ್ತದೆ, ಗಾಳಿ ಹೋದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಬೆಂಕಿ ಬಿದ್ದರೆ ಗಾಳಿಯ ಲೈನಿನಲ್ಲಿರುವ ಕರಗುವ ಪ್ಲಗ್ ಕರಗಿ ತಾನೇ ಮುಚ್ಚಿಕೊಳ್ಳಲಿ ಎಂಬ ಲೆಕ್ಕ. ಪ್ರತಿ ಸಲ ಸರಕು ಇಳಿಸುವ ಮೊದಲು ಗಾಳಿ ಬಿಟ್ಟು ಅದು ಮುಚ್ಚುತ್ತದೋ ನೋಡಿ, ದೂರದ ಬಟನ್ನಿನಿಂದಲೂ ಒಮ್ಮೆ ಪರೀಕ್ಷಿಸಿ. ಗಾಳಿ ನಿಲ್ಲುವುದಿಲ್ಲವೆಂದು ತಂತಿ ಕಟ್ಟಿ ತೆರೆದಿಡುವ ಜಾಣತನ ಕಂಡರೆ ಆ ಗಾಡಿಯಿಂದ ಸರಕು ಇಳಿಸಿಕೊಳ್ಳಲೇಬೇಡಿ.

ಡಿಪೋ ಬಿಡುವ ಮೊದಲು

ಡಿಸ್ಚಾರ್ಜ್, ಪ್ರೆಶರ್ ಬಿಲ್ಡಿಂಗ್, ಪಂಪಿನ ವಾಲ್ವ್‌ಗಳೆಲ್ಲ ಬಂದ್. ಇವುಗಳಲ್ಲಿ ಜನ ಹೆಚ್ಚಾಗಿ ಮರೆಯುವುದು ಪ್ರೆಶರ್ ಬಿಲ್ಡಿಂಗ್ ವಾಲ್ವನ್ನು. ಅದು ಅರ್ಧ ಸುತ್ತು ತೆರೆದಿದ್ದರೂ ಸುರುಳಿ ತನ್ನ ಕೆಲಸ ಮಾಡುತ್ತಲೇ ಹೋಗುತ್ತದೆ. ಯಲ್ಲಾಪುರದಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಗೇಜಿನ ಮುಳ್ಳು ಏರಿರುತ್ತದೆ, ಅರಬೈಲಿನ ಇಳಿಜಾರಿನಲ್ಲಿ ಸೇಫ್ಟಿ ವಾಲ್ವ್ ತೆರೆದುಕೊಂಡು ಬಿಳಿ ಮೋಡ ರಸ್ತೆಗೆ ಅಡ್ಡ ಬೀಳುತ್ತದೆ, ಹಿಂದಿನ ಬಸ್ಸಿನವನಿಗೆ ತಿರುವು ಕಾಣುವುದಿಲ್ಲ.

ಕೆಲವು ಟ್ಯಾಂಕರುಗಳಲ್ಲಿ ಪ್ರಯಾಣಕ್ಕೆಂದೇ ಕಡಿಮೆ ಒತ್ತಡಕ್ಕೆ ತೆರೆಯುವ ರೋಡ್ ರಿಲೀಫ್ ವಾಲ್ವ್ ಇರುತ್ತದೆ. ಸರಕು ಇಳಿಸುವಾಗ ಒತ್ತಡ ಏರಿಸಲು ಅದನ್ನು ಬಂದ್ ಮಾಡುತ್ತಾರೆ. ಹೊರಡುವಾಗ ಮತ್ತೆ ತೆರೆಯಬೇಕು. ಒತ್ತಡವನ್ನು ಡಿಪೋದಲ್ಲೇ ವೆಂಟ್ ಮೂಲಕ ತಗ್ಗಿಸಿಕೊಂಡು ಹೊರಡಿ. ದಾರಿಯಲ್ಲಿ ತಡವಾದರೂ ಸೇಫ್ಟಿ ವಾಲ್ವ್ ತೆರೆಯದಿರಲು ಸಿಗುವ ಅವಕಾಶ ಅದೇ.

ಈ ಅವಕಾಶ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಮಾತು. 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ದಂಡೆಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮಳೆಗಾಲದಲ್ಲಿ ಲೋಡ್ ಹೊತ್ತು ಬರುವವರು ಎರಡು ತಾಸಿಗೊಮ್ಮೆ ಒತ್ತಡ ಬರೆದಿಡಿ. ನಿಂತ ಗಾಡಿಯಲ್ಲಿ ಮೇಲಿನ ಪದರ ಬಿಸಿಯಾಗಿ ಮುಳ್ಳು ಬೇಗ ಏರುತ್ತದೆ, ಓಡಲು ಶುರುವಾದರೆ ದ್ರವ ಕಲಕಿ ಇಳಿಯುತ್ತದೆ. ಇದು ಸಹಜ. ಓಡುತ್ತಿರುವಾಗಲೂ ಏರುತ್ತಿದ್ದರೆ ಮಾತ್ರ ಎಲ್ಲೋ ಎಡವಟ್ಟಾಗಿದೆ: ಪ್ರೆಶರ್ ಬಿಲ್ಡಿಂಗ್ ವಾಲ್ವ್ ಬಿಗಿಯಾಗಿಲ್ಲ, ಇಲ್ಲವೇ ನಿರ್ವಾತ ಹೋಗಿದೆ. ಗ್ಯಾಸ್ ಬಿಡಲೇಬೇಕಾದರೆ ಬಯಲಿನಲ್ಲಿ, ಮನೆ, ಅಂಗಡಿ, ಗಟಾರಗಳಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ ಸ್ವಲ್ಪ ಸ್ವಲ್ಪವಾಗಿ ಬಿಡಿ. ತಂಪು ಗ್ಯಾಸ್ ಭಾರ, ತಗ್ಗಿಗೇ ಹರಿಯುತ್ತದೆ. ಕಾಣುವ ಮಂಜು ಗಾಳಿಯ ತೇವ ಮಾತ್ರ. ಗ್ಯಾಸ್ ಅದರಾಚೆಗೂ ಇರುತ್ತದೆ.

ಸರಕು ಇಳಿಸುವಾಗ

ಗಾಡಿ ಕಾಂಕ್ರೀಟಿನ ಮೇಲೆ ನಿಲ್ಲಬೇಕು, ಡಾಂಬರಿನ ಮೇಲಲ್ಲ. ದ್ರವ ಆಕ್ಸಿಜನ್ ಡಾಂಬರಿನೊಳಗೆ ಇಳಿದರೆ ಒಂದು ಬೂಟಿನ ಪೆಟ್ಟಿಗೂ ಸ್ಫೋಟಿಸಬಹುದು. ಶಿರಸಿ ಕಡೆಯ ಅಂಗಳಗಳಲ್ಲಿ ಬಿದ್ದಿರುವ ದರಕು (ಒಣ ಎಲೆ), ಅಡಿಕೆ ಸಿಪ್ಪೆ, ತೆಂಗಿನ ಗರಿ ಎಲ್ಲವನ್ನೂ ಮೊದಲು ಗುಡಿಸಿ. ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಅಡ್ಡಗಟ್ಟೆ ಕೊಡಿ. ಮುಖಕ್ಕೆ ಶೀಲ್ಡ್, ಕೈಗೆ ಒದರಿದರೆ ಕಳಚುವಂಥ ಸಡಿಲ ಗವಸು, ಪ್ಯಾಂಟು ಬೂಟಿನ ಹೊರಗೆ. ಒಳಗೆ ತುರುಕಿದರೆ ಚೆಲ್ಲಿದ ದ್ರವ ಬೂಟಿನೊಳಗೇ ನಿಲ್ಲುತ್ತದೆ. ಲುಂಗಿ, ಚಪ್ಪಲಿಯಲ್ಲಿ ಯಾರೂ ಹತ್ತಿರ ಬರಬಾರದು.

ಸರಕು ತುಂಬಿಸಿಕೊಳ್ಳುವವರ ಟ್ಯಾಂಕಿನ ಮೇಲಿನ ಹೆಸರು, ಟ್ಯಾಂಕರಿನ ಫಲಕದಲ್ಲಿರುವ ಸರಕಿನ ಸಂಖ್ಯೆ ಓದಿ ತಾಳೆ ನೋಡಿ: ಆಕ್ಸಿಜನ್ 1073, ನೈಟ್ರೋಜನ್ 1977, ಆರ್ಗಾನ್ 1951. ಕಪ್ಲಿಂಗ್ ಕೂರದಿದ್ದರೆ ಅಡಾಪ್ಟರ್ ಹುಡುಕಬೇಡಿ. ಒಂದು ಗ್ಯಾಸಿನ ಕಪ್ಲಿಂಗ್ ಇನ್ನೊಂದಕ್ಕೆ ಕೂರದ ಹಾಗೆ ಮಾಡಿರುವುದು ಬೇಕೆಂದೇ. ಆಸ್ಪತ್ರೆಯಾದರೆ ಬದಲಿ ಸಿಲಿಂಡರ್ ಸಾಲು ಸಿದ್ಧವಿದೆಯೇ ಎಂದು ಕೇಳಿ. 2021ರ ಏಪ್ರಿಲ್ 21ರಂದು ನಾಶಿಕದ ಆಸ್ಪತ್ರೆಯೊಂದರ ಆಕ್ಸಿಜನ್ ಟ್ಯಾಂಕ್ ಸೋರಿ, ಪೂರೈಕೆ ತಪ್ಪಿ 20ಕ್ಕೂ ಹೆಚ್ಚು ರೋಗಿಗಳು ಸತ್ತರು.

ಹೋಸನ್ನು ಎರಡೂ ಕಡೆ ಬಿಗಿದ ಮೇಲೆ ನೇರ ದ್ರವ ಬಿಡಬೇಡಿ. ಕಾರವಾರದ ಗಾಳಿಯಲ್ಲಿ ಹೋಸಿನೊಳಗೂ ತೇವ ತುಂಬಿರುತ್ತದೆ. ಅದು ಮಂಜುಗಡ್ಡೆಯ ಕಾಳಾಗಿ ಹೋಗಿ, ದ್ರವ ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್‌ನ ಸೀಟಿನಲ್ಲಿ ಕೂತರೆ ವಾಲ್ವ್ ಮುಚ್ಚುವುದಿಲ್ಲ. ಹೋಸಿನೊಳಗಿನದ್ದನ್ನು ಹೊರಬಿಡುವ ಬ್ಲೀಡ್ ವಾಲ್ವ್ ತೆರೆದಿಟ್ಟು, ಟ್ಯಾಂಕರಿನ ಡಿಸ್ಚಾರ್ಜ್ ವಾಲ್ವನ್ನು ಕಾಲು ಸುತ್ತು ಮಾತ್ರ ತಿರುಗಿಸಿ. ಮೊದಲು ಬರೀ ಗ್ಯಾಸ್, ಆಮೇಲೆ ಬಿಳಿ ಆವಿ, ಕೊನೆಗೆ ಪಟಪಟ ದ್ರವದ ಹನಿ. ಹೋಸಿನ ಮೈಯೆಲ್ಲ ಒಂದೇ ಸಮ ಬಿಳಿಗಟ್ಟಿದ ಮೇಲೆ ಬ್ಲೀಡ್ ಮುಚ್ಚಿ, ಟ್ಯಾಂಕಿನ ಫಿಲ್ ವಾಲ್ವ್ ತೆರೆಯಿರಿ.

ಪ್ರತಿ ವಾಲ್ವನ್ನೂ ನಿಧಾನ ತೆರೆಯಬೇಕು. ಆಕ್ಸಿಜನ್ ಒಮ್ಮೆಗೇ ನುಗ್ಗಿದರೆ ಮುಂದಿನ ತುದಿಯಲ್ಲಿ ಗ್ಯಾಸ್ ಒತ್ತಿಹೋಗಿ ಬಿಸಿಯಾಗುತ್ತದೆ. ಅಲ್ಲಿ ಒಂದು ಹನಿ ಎಣ್ಣೆ, ಒಂದು ಚೂರು ಲೋಹದ ಪುಡಿ ಇದ್ದರೆ ಹೊತ್ತಿಕೊಳ್ಳಲು ಅಷ್ಟು ಸಾಕು. ಪೂರ್ತಿ ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತನ್ನಿ. ತುದಿಗೆ ಬಿಗಿದ ಸ್ಪಿಂಡಲ್ (ಹಿಡಿಕೆಯ ಕಡ್ಡಿ) ತಂಪಿಗೆ ಕಚ್ಚಿಕೊಂಡರೆ, ಮುಚ್ಚಿದೆಯೋ ತೆರೆದಿದೆಯೋ ತಿಳಿಯದೆ ಯಾರಾದರೂ ಪಾನಾ ಹಾಕಿ ಮುರಿಯುತ್ತಾರೆ.

ಟ್ಯಾಂಕಿಗೆ ಮೇಲಿನಿಂದ ತುಂಬಿದರೆ ತಂಪು ಹನಿಗಳು ಆವಿಯನ್ನು ಮತ್ತೆ ದ್ರವವಾಗಿಸಿ ಒತ್ತಡ ಇಳಿಸುತ್ತವೆ, ಕೆಳಗಿನಿಂದ ತುಂಬಿದರೆ ಆವಿ ಒತ್ತಿಹೋಗಿ ಒತ್ತಡ ಏರುತ್ತದೆ. ಎರಡೂ ಫಿಲ್ ವಾಲ್ವ್‌ಗಳನ್ನು ಒಟ್ಟಿಗೆ ತೆರೆದು, ಗೇಜ್ ನೋಡುತ್ತ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದೇ ಇಲ್ಲಿನ ಕೈಚಳಕ. ಮೇಲಿನಿಂದಷ್ಟೇ ಸುರಿದರೆ ವಾರ್ಡಿನ ಲೈನಿನಲ್ಲಿ ಒತ್ತಡ ಕುಸಿಯುತ್ತದೆ, ಕೆಳಗಿನಿಂದಷ್ಟೇ ತುಂಬಿದರೆ ಸೇಫ್ಟಿ ವಾಲ್ವ್ ಕೂಗುತ್ತದೆ. ಟ್ರೈಕಾಕಿನಿಂದ ಆವಿಯ ಬದಲು ದ್ರವ ಉಗುಳಲು ಶುರುವಾದ ಕೂಡಲೇ ನಿಲ್ಲಿಸಿ. ಸಾಮಾನ್ಯವಾಗಿ ಅದು 95 ಶೇಕಡದ ಗುರುತು. ಮೇಲಿನ ಖಾಲಿ ಜಾಗ ದ್ರವ ಹಿಗ್ಗಲು ಬಿಟ್ಟದ್ದು, ಇನ್ನೊಂದಿಷ್ಟು ತುಂಬಲು ಬಿಟ್ಟದ್ದಲ್ಲ.

ಮುಗಿಸುವ ಕ್ರಮ ಹೀಗೆ: ಪಂಪ್ ನಿಲ್ಲಿಸಿ, ಟ್ಯಾಂಕರಿನ ಡಿಸ್ಚಾರ್ಜ್ ವಾಲ್ವ್ ಮುಚ್ಚಿ, ಟ್ಯಾಂಕಿನ ಫಿಲ್ ವಾಲ್ವ್ ಮುಚ್ಚಿ, ಆ ಕೈಯಲ್ಲೇ ಹೋಸಿನ ಬ್ಲೀಡ್ ತೆರೆಯಿರಿ. ಚಲನ್ ಸಹಿ, ಫೋನ್ ಎಲ್ಲ ಆಮೇಲೆ. ಆರು ಲೀಟರಿನ ಲೆಕ್ಕ ಈ ಗಳಿಗೆಯದ್ದೇ. ಸದ್ದು ಪೂರ್ತಿ ನಿಂತ ಮೇಲೆ ಕಪ್ಲಿಂಗ್ ಸಡಿಲಿಸಿ. ಬಡಿಯಲೇಬೇಕಾದರೆ ಹಿತ್ತಾಳೆ ಸುತ್ತಿಗೆ, ಕಬ್ಬಿಣದ್ದಲ್ಲ. ಎರಡೂ ತುದಿಗೆ ಮುಚ್ಚಳ ಹಾಕದೆ ಹೋಸನ್ನು ನೆಲಕ್ಕೆ ಬಿಡಬೇಡಿ.

ಕೈಕೊಟ್ಟಾಗ

ಹೆಪ್ಪುಗಟ್ಟಿದ ವಾಲ್ವಿಗೆ ಉಗುರುಬೆಚ್ಚಗಿನ ನೀರು ಸುರಿದು ಕಾಯಿರಿ. ಬ್ಲೋಲ್ಯಾಂಪ್, ಉರಿಯುವ ಚಿಂದಿ, ಉದ್ದ ಪೈಪು ಸಿಕ್ಕಿಸಿದ ಪಾನಾ ಯಾವುದೂ ಬೇಡ. ಈ ವಾಲ್ವ್‌ಗಳಿಗೆ ಉದ್ದ ಕತ್ತು ಇರುವುದು ಗ್ಲ್ಯಾಂಡಿನ ಪ್ಯಾಕಿಂಗ್ (ಸ್ಪಿಂಡಲ್ ಸುತ್ತ ಸೋರದಂತೆ ತುಂಬಿದ್ದು) ತಂಪಿನಿಂದ ದೂರ ಇರಲೆಂದು. ಕತ್ತು ಮೇಲ್ಮುಖವಾಗಿದ್ದರಷ್ಟೇ ಅದರೊಳಗೆ ಗ್ಯಾಸ್ ನಿಂತು ಕಂಬಳಿಯಂತೆ ಕಾಯುತ್ತದೆ. ಕೆಳಮುಖ ಕೂರಿಸಿದ ವಾಲ್ವ್ ಪದೇ ಪದೇ ಹೆಪ್ಪುಗಟ್ಟುತ್ತದೆ, ಅದು ವಾಲ್ವ್‌ನ ತಪ್ಪಲ್ಲ.

ಒಮ್ಮೆ ತೆರೆದುಕೊಂಡ ಸೇಫ್ಟಿ ವಾಲ್ವ್ ಮತ್ತೆ ಕೂರದೆ ಸೋರುತ್ತಲೇ ಇದ್ದರೆ ಸೀಟಿನಲ್ಲಿ ಮಂಜಿನ ಕಾಳು ಸಿಕ್ಕಿರುತ್ತದೆ. ವೆಂಟ್ ತೆರೆದು ಒತ್ತಡ ತಗ್ಗಿಸಿ, ಡೈವರ್ಟರನ್ನು ಇನ್ನೊಂದು ಬದಿಗೆ ತಿರುಗಿಸಿ, ಇದನ್ನು ಬೆಚ್ಚಗಾಗಲು ಬಿಡಿ. ಹೊರಗಿನಿಂದ ನೀರು ಸುರಿಯಬಹುದು, ಬಾಯೊಳಗೆ ನೀರು ಹೋಗಕೂಡದು. ದೊಡ್ಡ ಸೋರಿಕೆಯಾದರೆ ಎಮರ್ಜೆನ್ಸಿ ಬಟನ್ ಒತ್ತಿ, ಸುತ್ತ 100 ಮೀಟರ್ ಜನ ಬಿಡಿಸಿ, 112ಕ್ಕೆ ಕರೆ ಮಾಡಿ. ಆಕ್ಸಿಜನ್ ಮಂಜಿನಲ್ಲಿ ನಿಂತವನು ಅರ್ಧ ಗಂಟೆ ಬೀಡಿ ಹಚ್ಚಬಾರದು, ಒಲೆ ಹತ್ತಿರ ಹೋಗಬಾರದು, ಬಟ್ಟೆಯೇ ಭಗ್ಗೆಂದೀತು. ನೈಟ್ರೋಜನ್ ತುಂಬಿದ ತಗ್ಗಿನಲ್ಲಿ ಬಿದ್ದವನನ್ನು ಎತ್ತಲು ಉಸಿರಿನ ಸಲಕರಣೆ ಇಲ್ಲದೆ ಇಳಿಯಬೇಡಿ.

ಉಪ್ಪುಗಾಳಿ, ಮಳೆ, ಪೂಜೆ

ಸಾಣಿಕಟ್ಟಾದ ಉಪ್ಪಿನಾಗರದ ಬದಿಯಲ್ಲಿ ತಂತಿ ಬೇಲಿ ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಕರಾವಳಿ ಸುತ್ತು ಮುಗಿದ ಮೇಲೆ ಕ್ಯಾಬಿನೆಟ್ಟಿನ ಹೊರಮೈಯನ್ನು ಸಿಹಿ ನೀರಿನಿಂದ ತೊಳೆಯಿರಿ, ಹೋಸಿನ ಹೆಣೆದ ತಂತಿಯನ್ನು ಕೈಗವಸು ಹಾಕಿ ಸವರಿ ನೋಡಿ. ಒಂದು ಎಳೆ ತುಂಡಾಗಿ ಚುಚ್ಚಿದರೂ ಆ ಹೋಸ್ ಬದಿಗಿಡಿ. ತುಕ್ಕಿಗೆ ಹೆದರಿ ವರ್ಷವೂ ಪೇಂಟ್ ಹೊಡೆಸುವವರು ಇನ್ನೊಂದು ತಪ್ಪು ಮಾಡುತ್ತಾರೆ: ಹೊರಗೋಡೆಯ ನಿರ್ವಾತದ ಮುಚ್ಚಳ, ರಿಲೀಫ್ ವಾಲ್ವ್‌ಗಳ ಬಾಯಿ, ನೀರು ಬಸಿಯುವ ತೂತು ಎಲ್ಲವೂ ಪೇಂಟಿನಲ್ಲಿ ಅಂಟಿಹೋಗುತ್ತವೆ. ಬ್ರಷ್ ಮುಟ್ಟುವ ಮೊದಲು ಅವಕ್ಕೆ ಟೇಪ್ ಸುತ್ತಿ, ಕೆಲಸ ಮುಗಿದ ಮೇಲೆ ಎಣಿಸಿ ತೆಗೆಯಿರಿ.

ರಿಲೀಫ್ ಪೈಪುಗಳ ಮೇಲಿನ ಹಗುರ ರಬ್ಬರ್ ಟೊಪ್ಪಿ ಜೂನ್ ಮೊದಲೇ ಹೊಸದಿರಲಿ. ಪೈಪಿನೊಳಗೆ ನಿಂತ ಮಳೆನೀರು ಮೊದಲ ತಂಪು ಗ್ಯಾಸಿಗೇ ಗಡ್ಡೆಯಾಗಿ ಬಾಯಿ ಕಟ್ಟುತ್ತದೆ. ನಿರ್ವಾತ ಹೋದ ಗುರುತು ಹೊರಗೋಡೆಯ ಬೆವರು, ಆದರೆ ಆಷಾಢದಲ್ಲಿ ಎಲ್ಲ ಗಾಡಿಯೂ ತೊಯ್ದೇ ಇರುತ್ತದೆ. ಅದಕ್ಕೇ ಮಳೆ ಬಿಟ್ಟ ಹೊತ್ತಿನಲ್ಲಿ ಗೋಡೆ ಒರೆಸಿ ಕಾದು ನೋಡಬೇಕು. ಒಂದೇ ಜಾಗ ಮತ್ತೆ ಮತ್ತೆ ಒದ್ದೆಯಾಗಿ ತಣ್ಣಗಾದರೆ, ಬಿಳಿಗಟ್ಟಿದರೆ, ಗಾಡಿ ಘಟ್ಟಕ್ಕೆ ಬಿಡಬೇಡಿ.

ತಲೆಗೆ ತೆಂಗಿನೆಣ್ಣೆ ಹಚ್ಚಿ ಅದೇ ಕೈಯಲ್ಲಿ ಗವಸು ಹಾಕಿದರೆ ಆಕ್ಸಿಜನ್ ವಾಲ್ವಿಗೆ ಎಣ್ಣೆ ಹಚ್ಚಿದಂತೆಯೇ. ಸೋಪು ಹಾಕಿ ಕೈ ತೊಳೆಯಿರಿ. ಆಯುಧ ಪೂಜೆಯ ದಿನ ಕುಂಕುಮ, ಎಣ್ಣೆದೀಪ, ಕರ್ಪೂರ ಎಲ್ಲ ಗಾಡಿಯ ಮೂತಿಯ ಕಡೆಗೇ, ಅದೂ ಖಾಲಿ ಗಾಡಿಗೆ, ವೆಂಟ್ ಮುಚ್ಚಿದ ಮೇಲೆ. ಹಿಂದಿನ ಕ್ಯಾಬಿನೆಟ್ಟಿಗೆ ಹೂವೂ ಬೇಡ.